ಒಬ್ಬರೇ ಜೀಪು ತಗೊಂಡು ಮಲೆನಾಡಿಗೆ: ಹೂತರೆ ಎಳೆಯುವವರು ಯಾರು?

ನಾಲ್ಕು ಜೀಪು ಸಾಲಾಗಿ ಹೊರಟಾಗ ಒಂದು ಹೂತರೆ ಉಳಿದ ಮೂರು ಎಳೆಯುತ್ತವೆ. ಒಬ್ಬರೇ ಹೊರಟಾಗ ಎಳೆಯುವವರು ಯಾರು ಎನ್ನುವುದಕ್ಕೆ ಉತ್ತರ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಡೀಸೆಲ್ ತುಂಬಿಸುವಾಗಲೇ ಸಿದ್ಧವಿರಬೇಕು. ಗಾಡಿ ಎಷ್ಟು ಕಷ್ಟದ ದಾರಿ ಹತ್ತುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಎರಡು ಕೈ, ಒಂದು ಸಲಿಕೆ, ಡಿಕ್ಕಿಯಲ್ಲಿರುವ ಸಾಮಾನು ಇಷ್ಟರಲ್ಲೇ ಅದನ್ನು ಎಲ್ಲಿಂದ ಹೊರಗೆ ತೆಗೆಯಬಲ್ಲಿರೋ ಅಲ್ಲಿಯವರೆಗೆ ಮಾತ್ರ ಹೋಗಬೇಕು. ಹಾಗಾಗಿ ಒಂದು ಪದ್ಧತಿ ಇಟ್ಟುಕೊಳ್ಳುವುದು ವಾಸಿ: ಒಳಗೆ ಹೋಗುವುದು ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ); ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ವೇಗ ಕಡಿಮೆ, ಎಳೆತ ಹೆಚ್ಚು), ಟೈರಿನ ಗಾಳಿ ತೀರಾ ಇಳಿಸುವುದು, ಚಕ್ರದಡಿ ಹಲಗೆ ಹಾಕುವುದು ಇವೆಲ್ಲ ವಾಪಸು ಬರಲಿಕ್ಕೆ. ಇವನ್ನೂ ಮುಂದೆ ನುಗ್ಗಲು ಖರ್ಚು ಮಾಡಿದರೆ, ಹೂತ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲು ಜಾಗದ ಮಾತು. 'ಕಾಡಿನಲ್ಲಿ ಟೆಂಟು' ಎಂದು ಹೇಳಲು ಚೆನ್ನ. ಆದರೆ ಬಿಸಿಲೆ, ಭದ್ರಾ, ಕುದುರೆಮುಖ ಸುತ್ತಿನ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು, ಒಲೆ ಹೂಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಹುಲಿ ಸಂರಕ್ಷಿತ ಪ್ರದೇಶ, ರಾಷ್ಟ್ರೀಯ ಉದ್ಯಾನವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರುತ್ತದೆ. ಗಾಡಿ ಜಪ್ತಿಯಾದರೆ ಬಿಡಿಸಿಕೊಳ್ಳಲು ಕೋರ್ಟು ಕಚೇರಿ ಸುತ್ತಬೇಕು. ಕಾಡಿನೊಳಗೇ ರಾತ್ರಿ ಕಳೆಯಬೇಕೆಂದರೆ ಮುತ್ತೋಡಿ ಅಥವಾ ಕುದುರೆಮುಖದ ಭಗವತಿ ಪ್ರಕೃತಿ ಶಿಬಿರದಂಥ ಅರಣ್ಯ ಇಲಾಖೆಯ ಜಾಗಗಳಿವೆ. ಜೀಪೂ ಓಡಬೇಕು, ಟೆಂಟೂ ಬೇಕು ಎನ್ನುವವರಿಗೆ ಸರಿಯಾದದ್ದು ಕಾಫಿ ತೋಟ. ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ಚಿಕ್ಕಮಗಳೂರಿನಲ್ಲಿ ನಡೆದದ್ದೂ ತೋಟದ ಖಾಸಗಿ ರಸ್ತೆಗಳಲ್ಲೇ. ಸಕಲೇಶಪುರ, ಹೆತ್ತೂರು, ಯಸಳೂರು, ಮೂಡಿಗೆರೆ, ಬಾಳೂರು ಕಡೆ ಹೋಂಸ್ಟೇ ಇಟ್ಟುಕೊಂಡ ತೋಟಗಳಿಗೆ ಫೋನು ಮಾಡಿ, 'ಗಾಡಿ ಫೋರ್ ವೀಲು, ಒಬ್ಬರೇ ಬರುತ್ತೇವೆ, ತೋಟದ ಜೀಪುದಾರಿಯಲ್ಲಿ ಓಡಿಸಬಹುದೇ, ಟೆಂಟು ಎಲ್ಲಿ ಹಾಕಬಹುದು' ಎಂದು ನೇರವಾಗಿ ಕೇಳಿ. ಹುಲ್ಲುಗಾವಲಿನ ಗುಡ್ಡಕ್ಕೆ ಮಾತ್ರ ದಾರಿ ಬಿಟ್ಟು ಹತ್ತಬೇಡಿ. ಚಕ್ರ ಒಮ್ಮೆ ಹುಲ್ಲು ಕಿತ್ತ ಗೆರೆಯಲ್ಲಿ ಮುಂದಿನ ಮಳೆಗಾಲದ ನೀರು ಹರಿದು ಅದೇ ಕೊರಕಲಾಗುತ್ತದೆ.

ಕಾಲವನ್ನೂ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನಲ್ಲಿ ಒಬ್ಬರೇ ಆಫ್‌ರೋಡ್ ಮಾಡುವುದು ಹುಚ್ಚಾಟ, ಬೇರೆ ಮಾತಿಲ್ಲ. ನವೆಂಬರ್‌ನಿಂದ ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ಲು. ಆಗ ದಾರಿ ಒಣಗಿ ಓಡಿಸಲು ಹದವಾಗಿರುತ್ತದೆ, ಆದರೆ ಹಣ್ಣು ತುಂಬಿದ ಟ್ರ್ಯಾಕ್ಟರು, ಪಿಕಪ್ಪು ಎದುರಾಗುತ್ತವೆ. ಕಿರಿದಾದ ದಾರಿಯಲ್ಲಿ ಹಿಂದೆ ಸರಿಯಬೇಕಾದವರು ನೀವು, ಅವರಲ್ಲ.

ಒಬ್ಬರೇ ಹೋಗುವವರ ಮೊದಲ ಉಪಕರಣ ಒಂದು ಚೀಟಿ. ಗಾಡಿ ನಂಬರು, ಯಾವ ತೋಟ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದು ಒಂದನ್ನು ಮನೆಯಲ್ಲಿ, ಇನ್ನೊಂದನ್ನು ತೋಟದ ಲೆಕ್ಕಪತ್ರ ನೋಡುವ ರೈಟರ್ ಕೈಯಲ್ಲಿ ಕೊಡಿ. 'ಸಂಜೆ 6ಕ್ಕೆ ಫೋನು ಬರದಿದ್ದರೆ 7ಕ್ಕೆ ಜೀಪು ಕಳಿಸಿ' ಎಂದು ಗಂಟೆ ಹೇಳಿಯೇ ಬರೆಯಬೇಕು. ಸುಮ್ಮನೆ 'ನೋಡ್ಕೊಳ್ಳಿ' ಎಂದರೆ ಯಾರೂ ನೋಡುವುದಿಲ್ಲ. ಹತ್ತಿರದ ಟ್ರ್ಯಾಕ್ಟರ್ ಮಾಲೀಕರ ನಂಬರನ್ನು ಫೋನಿನ ಜೊತೆಗೆ ಕಾಗದದ ಮೇಲೂ ಇಟ್ಟುಕೊಳ್ಳಿ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ; ಎರಡು ಬೇರೆ ಕಂಪನಿಯ ಸಿಮ್ ಇದ್ದರೆ ಒಳ್ಳೆಯದು. ವಿದೇಶಿ ವಿಡಿಯೊ ನೋಡಿ ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಮೆಸೆಂಜರ್ ತರಿಸಬೇಡಿ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅವನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದೇ ತಪ್ಪು, ಸಿಕ್ಕಿಬಿದ್ದವರು ಜೈಲು ಕಂಡಿದ್ದಾರೆ.

ಇನ್ನು ಟೈರು. ಟಾರು ರಸ್ತೆಯಲ್ಲಿ ಕಂಪನಿ ಹೇಳಿದಷ್ಟು ಗಾಳಿ, ಅಂದಾಜು 30 ಪಿಎಸ್‌ಐ. ತೋಟದ ಗೇಟಿನಲ್ಲಿ 24ಕ್ಕೆ ಇಳಿಸಿದರೆ ಕಲ್ಲಿನ ದಾರಿ, ಒಣ ಮಣ್ಣು ಎರಡಕ್ಕೂ ಸಾಕು. 18 ಎನ್ನುವುದು ಕೆಸರಿಗೆ ಸಿಕ್ಕಿದಾಗಿನ ಅಂಕಿ. 15ಕ್ಕಿಂತ ಕೆಳಗಿಳಿದು ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್‌ನಿಂದ ಕಳಚಬಹುದು. ಒಬ್ಬರೇ ಇರುವಾಗ ಅದನ್ನು ಮತ್ತೆ ಕೂರಿಸುವುದು ಅರ್ಧ ದಿನದ ಕೆಲಸ. ಗಾಳಿ ಇಳಿಸಿದಾಗ ಟೈರು ಅಗಲವಾಗುವುದಕ್ಕಿಂತ ಉದ್ದಕ್ಕೆ ಹೆಚ್ಚು ಚಪ್ಪಟೆಯಾಗುತ್ತದೆ, ಹಿಡಿತ ಬರುವುದು ಆ ಉದ್ದದಿಂದ. ಕಂಪ್ರೆಸರ್ ತೆಗೆದುಕೊಳ್ಳುವಾಗ ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದನ್ನು ನೋಡಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಪುಟ್ಟದು ಎರಡನೇ ಟೈರಿಗೇ ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ. ಗಾಳಿ ತುಂಬುವಾಗ ಎಂಜಿನ್ ಆನ್ ಇರಲಿ.

ಥಾರ್, ಜಿಮ್ನಿ, ಹಳೆ ಜಿಪ್ಸಿ ಎಲ್ಲವೂ ಪಾರ್ಟ್‌ಟೈಮ್ ಫೋರ್ ವೀಲ್ ಗಾಡಿಗಳು, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವಂಥವು. ಇವುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ, ತಿರುವಿನಲ್ಲಿ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಇರುವುದಿಲ್ಲ. ಒಣ ಟಾರಿನ ಮೇಲೆ ಫೋರ್ ಹೈ ಹಾಕಿ ತಿರುಗಿಸಿದರೆ ಶಾಫ್ಟುಗಳು ಒಂದಕ್ಕೊಂದು ಹೆಣೆದುಕೊಂಡಂತೆ ಬಿಗಿಯುತ್ತವೆ, ಲಿವರ್ ವಾಪಸು ಬರುವುದಿಲ್ಲ. ಬಿಗಿದರೆ ಬಲ ಹಾಕಬೇಡಿ. ನೇರ ಹಿಂದಕ್ಕೆ ಹತ್ತು ಅಡಿ ಉರುಳಿಸಿ, ಸಡಿಲವಾಗುತ್ತದೆ. ಫೋರ್ ಲೋಗೆ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಹಾಕಬೇಕು. ಹಳೆಯ ಜೀಪಿನಲ್ಲಿ ಮುಂದಿನ ಚಕ್ರದ ನಡುವಿನ ಹಬ್ ಕೈಯಿಂದ ಲಾಕ್ ಮಾಡುವುದಾದರೆ ಅದನ್ನು ಗೇಟಿನಲ್ಲೇ ಮುಗಿಸಿ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹಬ್ ಹುಡುಕುವುದು ಸುಖದ ಕೆಲಸವಲ್ಲ. ಹೊಸ ಗಾಡಿಗಳಲ್ಲಿ ಫೋರ್ ಹೈನಲ್ಲಿದ್ದಾಗ ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಇಎಸ್‌ಪಿ ಕೆಸರಿನಲ್ಲಿ ಎಂಜಿನ್ ಶಕ್ತಿಯನ್ನೇ ಕತ್ತರಿಸುತ್ತದೆ. ಕೆಸರಿಗೆ ಇಳಿಯುವ ಮೊದಲು ಅದನ್ನು ಆಫ್ ಮಾಡಿ.

ನಮ್ಮ ಕಡೆಯ ದಾರಿಗಳಲ್ಲಿ ಮೋಸ ಮಾಡುವುದು ಕಲ್ಲಲ್ಲ. ಕಲ್ಲು ಕಣ್ಣಿಗೆ ಕಾಣುತ್ತದೆ. ಮೊದಲ ಮೋಸ ಕೆಂಪು ಜೇಡಿ. ಅರ್ಧ ಗಂಟೆ ಮಳೆ ಬಿದ್ದರೆ ಮೇಲಿನ ಒಂದಿಂಚು ಮಾತ್ರ ನೆನೆದು ಸೋಪಿನಂತಾಗುತ್ತದೆ, ಕೆಳಗೆ ಗಟ್ಟಿಯೇ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಬೋಳು ಟೈರಿನಂತಾಗುತ್ತದೆ. ಇಂಥಲ್ಲಿ ಹೂತುಹೋಗುವ ಭಯಕ್ಕಿಂತ ಪಕ್ಕಕ್ಕೆ ಜಾರಿ ಕಾಫಿ ಗಿಡದ ಸಾಲಿಗೆ ಇಳಿಯುವ ಭಯ ಹೆಚ್ಚು. ಮಳೆ ನಿಂತ ಮೇಲೆ ಎರಡು ಗಂಟೆ ಬಿಸಿಲು ಬಿದ್ದರೆ ಅದೇ ದಾರಿ ಓಡಿಸುವಂತಾಗುತ್ತದೆ. ಕಾಯಿರಿ, ಕಾಫಿ ಕುಡಿಯಿರಿ. ಎರಡನೆಯದು ಹಡ್ಲು. ಬೇಸಾಯ ಬಿಟ್ಟ ಗದ್ದೆ ಮೇಲೆ ಹಸಿರು ಹುಲ್ಲು ಹಾಸಿಕೊಂಡು ಟೆಂಟು ಹಾಕಲು ಕರೆಯುವಂತಿರುತ್ತದೆ. ಹುಲ್ಲಿನ ಕೆಳಗೆ ಸೊಂಟದವರೆಗೂ ಹೂಳಿರಬಹುದು. ಒಂದು ಕೋಲು ತೆಗೆದುಕೊಂಡು ನಡೆದು ಚುಚ್ಚಿ ನೋಡಿ; ಮೊಳದಷ್ಟು ಸಲೀಸಾಗಿ ಇಳಿದರೆ ಅಲ್ಲಿಗೆ ಗಾಡಿ ಬೇಡ. ಹಡ್ಲಿನಲ್ಲಿ ಹೊಟ್ಟೆಯವರೆಗೆ ಹೂತ ಗಾಡಿಯನ್ನು ಒಬ್ಬರು ತೆಗೆದ ಉದಾಹರಣೆ ಕೇಳಿಲ್ಲ.

ಹಳ್ಳ ದಾಟುವುದಕ್ಕೂ ಅದೇ: ಮೊದಲು ನಡೆದು ದಾಟಿ. ಒಬ್ಬರೇ ಇದ್ದಾಗ ಮೊಣಕಾಲು ಮೀರಿದ ನೀರು, ಕಾಲು ತಳ್ಳುವ ಸೆಳೆತ ಎರಡರಲ್ಲಿ ಒಂದಿದ್ದರೂ ವಾಪಸು. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಬಿದ್ದರೆ ಸಂಜೆಗೆ ಹಳ್ಳ ಏರುತ್ತದೆ, ಆಚೆ ದಡದಲ್ಲಿ ನೀವು ಉಳಿಯುತ್ತೀರಿ.

ಏರು ಅರ್ಧಕ್ಕೆ ನಿಂತಾಗ ಆಗುವ ತಪ್ಪು ಅತ್ಯಂತ ಅಪಾಯದ್ದು. ಕ್ಲಚ್ ಒತ್ತಿದ ಕೂಡಲೇ ಗಾಡಿ ಹಿಂದಕ್ಕೆ ಓಡುತ್ತದೆ, ಗಾಬರಿಯಲ್ಲಿ ಸ್ಟೀರಿಂಗ್ ತಿರುಗುತ್ತದೆ, ಗಾಡಿ ಇಳಿಜಾರಿಗೆ ಅಡ್ಡವಾಗಿ ಮಗುಚುತ್ತದೆ. ಫೋರ್ ಹೈ ಪದ್ಧತಿಗೆ ಕಡಿದಾದ ಏರೊಂದೇ ಅಪವಾದ: ಏರುವ ಮೊದಲೇ ಗಾಡಿ ಫೋರ್ ಲೋನಲ್ಲಿರಲಿ. ಶಕ್ತಿ ಸಾಲದು ಅನ್ನಿಸಿದರೆ ಕಾಲಿನ ಬ್ರೇಕು ಗಟ್ಟಿಯಾಗಿ ಒತ್ತಿ, ಎಂಜಿನ್ ಆಫಾದರೂ ಆಗಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ರಿವರ್ಸ್ ಹಾಕಿ, ಚಕ್ರ ನೇರವಿದೆಯೇ ಎಂದು ಕಿಟಕಿಯಿಂದ ಇಣುಕಿ ನೋಡಿ. ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದ ಮೇಲೆ ಬಂದ ದಾರಿಯಲ್ಲೇ ಕೆಳಗಿಳಿಯಿರಿ. ಎರಡನೇ ಯತ್ನಕ್ಕೆ ಇನ್ನಷ್ಟು ವೇಗ ಎಂಬುದು ಗುಂಪಿನಲ್ಲಿರುವವರ ಆಟ.

ಹೂತರೆ? ಚಕ್ರ ನಿಂತಲ್ಲೇ ತಿರುಗಿದ ತಕ್ಷಣ ಆಕ್ಸಲರೇಟರ್ ಬಿಡಿ. ಮೊದಲ ಐದು ಸೆಕೆಂಡಿನಲ್ಲಿ ಬಿಟ್ಟರೆ ಕಾಲು ಗಂಟೆಯ ಕೆಲಸ, ಒಂದು ನಿಮಿಷ ಒತ್ತಿದರೆ ಮೂರು ಗಂಟೆಯದು. ಇಳಿದು ಗಾಡಿಯ ಕೆಳಗೆ ನೋಡಿ: ಚಕ್ರ ಮಾತ್ರ ಹೂತಿದೆಯೋ, ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ಮಣ್ಣಿನ ಮೇಲೆ ಕೂತಿದೆಯೋ? ಕೂತಿದ್ದರೆ ಅದರ ಕೆಳಗಿನ ಮಣ್ಣು ತೆಗೆಯದೆ ಹಲಗೆಯೂ ಕೆಲಸ ಮಾಡದು, ರೋಪು ಸುತ್ತಿಕೊಂಡು ಗಾಡಿ ಎಳೆಯುವ ವಿಂಚೂ ಮಾಡದು. ನಾಲ್ಕೂ ಟೈರು 18ಕ್ಕೆ ಇಳಿಸಿ. ಬಂದ ದಿಕ್ಕಿಗೆ, ಅಂದರೆ ಚಕ್ರಗಳ ಹಿಂದೆ, ಸಲಿಕೆಯಿಂದ ಇಳಿಜಾರು ಕಡಿದು ರಿಕವರಿ ಹಲಗೆಯ ತುದಿಯನ್ನು ಟೈರಿಗೆ ತಾಗಿಸಿ ತುರುಕಿ. ಫೋರ್ ಲೋ, ರಿವರ್ಸ್, ಸ್ಟೀರಿಂಗ್ ನೇರ, ಮೆಲ್ಲಗೆ. ಹಲಗೆಯ ಮೇಲೆ ಚಕ್ರ ಸುತ್ತಿದರೆ ಪ್ಲಾಸ್ಟಿಕ್ ಹಲ್ಲುಗಳು ಕರಗಿ ಹಲಗೆ ಕೆಡುತ್ತದೆ. ಹೊರಬಂದ ಮೇಲೆ ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸಬೇಡಿ. ಹಲಗೆಗೆ ಕೆಂಪು ಹಗ್ಗ ಕಟ್ಟಿರಬೇಕು, ಇಲ್ಲದಿದ್ದರೆ ಕೆಸರಿನಲ್ಲಿ ಅದನ್ನು ಹುಡುಕುವುದೇ ಇನ್ನೊಂದು ಕೆಲಸ.

ಹಲಗೆಗೆ ಆಗದಿದ್ದರೆ ಎಳೆಯುವುದು. ಎಲ್ಲರೂ ಕೊಳ್ಳುವ, ಹಿಗ್ಗಿ ಎಳೆಯುವ ಕೈನೆಟಿಕ್ ರೋಪು ಒಬ್ಬರೇ ಇದ್ದಾಗ ಡಿಕ್ಕಿಯ ಅಲಂಕಾರ, ಅದಕ್ಕೆ ಎಳೆಯುವ ಇನ್ನೊಂದು ಗಾಡಿ ಬೇಕು. ವಿಂಚ್ ಇಲ್ಲದವರಿಗೆ ದಿಮ್ಮಿ ಎಳೆಯುವವರು ಬಳಸುವ, ಲಿವರ್ ಹಿಂದೆ ಮುಂದೆ ಆಡಿಸುವ 1.6 ಟನ್ನಿನ ಟಿರ್‌ಫರ್ ಮಾದರಿಯ ಯಂತ್ರ ಸಾಕು. 20 ಮೀಟರ್ ರೋಪು ಸೇರಿ ಮೂವತ್ತು ಕಿಲೋ ಹತ್ತಿರ ತೂಗುತ್ತದೆ, ನಿಧಾನ, ಬೆವರು ಸುರಿಯುತ್ತದೆ. ಆದರೆ ಹಿಂದಕ್ಕೂ ಎಳೆಯುತ್ತದೆ, ಮುಂದಿನ ಬಂಪರಿನ ವಿಂಚಿಗೆ ಸುಲಭವಾಗಿ ಆಗದ ಕೆಲಸ ಅದು. ನಡುವೆ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಮರಕ್ಕೆ ಅಗಲ ಪಟ್ಟಿಯನ್ನೇ ಬುಡದಲ್ಲಿ ಕಟ್ಟಿ. ಬರಿ ರೋಪು ಸುತ್ತಿದರೆ ತೊಗಟೆ ಹೋಗುತ್ತದೆ, ತೋಟದವರ ಮುಂದೆ ನಿಮ್ಮ ಮುಖವೂ. ತೋಟದಲ್ಲಿ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಅದರ ಮೈಮೇಲೆ ಕಾಳುಮೆಣಸಿನ ಬಳ್ಳಿ ಇರುತ್ತದೆ, ಮರವೂ ಪೆಡಸು. ಹಲಸು, ಅತ್ತಿಯಂಥ ದಪ್ಪ ಮರ ಹುಡುಕಿ. ಬಿಗಿದ ರೋಪಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ತುಂಡಾದರೆ ಅದು ಹಾರುವ ರಭಸವನ್ನು ತಗ್ಗಿಸುತ್ತದೆ. ರೋಪು ಸಿಕ್ಕಿಸುವ ಶ್ಯಾಕಲ್ ಎಂಬ ಕಬ್ಬಿಣದ ಕೊಂಡಿಯನ್ನು ಚಾಸಿಗೆ ಸೇರಿದ ಕೊಕ್ಕೆಗೆ ಹಾಕಿ, ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಎಂದಿಗೂ ಬೇಡ. ಜಾಕಿನ ಕೆಳಗಿಡಲು ಒಂದಡಿ ಚೌಕದ, ಒಂದೂವರೆ ಇಂಚು ದಪ್ಪದ ಮರದ ಹಲಗೆ ಇರಲಿ. ಮೆತ್ತನೆ ಮಣ್ಣಿನಲ್ಲಿ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗೆ ಹೋಗುತ್ತದೆ.

ಮಧ್ಯಾಹ್ನ 3ರ ಮೇಲೆ ಹೊಸ ದಾರಿಗೆ ಇಳಿಯಬೇಡಿ, 5ರೊಳಗೆ ಬಿಡಾರ ಸೇರಿರಿ. ಇದು ಆನೆಯ ಲೆಕ್ಕ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ಹಗಲಿಡೀ ತೋಟದ ನೆರಳಲ್ಲೇ ಇದ್ದು ಸಂಜೆ ಗದ್ದೆಗೆ ಇಳಿಯುತ್ತವೆ. ಇವತ್ತು ಯಾವ ತೋಟದಲ್ಲಿವೆ ಎಂಬುದು ಊರಿನವರ ವಾಟ್ಸ್‌ಆ್ಯಪ್ ಗುಂಪಿಗೆ, ಆನೆ ಕಾರ್ಯಪಡೆಯವರಿಗೆ ಗೊತ್ತಿರುತ್ತದೆ. ಬೆಳಿಗ್ಗೆಯೂ ಸಂಜೆಯೂ ರೈಟರನ್ನು ಕೇಳಿ. ಎದುರಾದರೆ ಹಾರ್ನ್ ಬೇಡ, ಲೈಟು ಮಿನುಗಿಸುವುದು ಬೇಡ, ಇಳಿಯುವುದಂತೂ ಬೇಡ. ಎಂಜಿನ್ ಆನ್ ಇಟ್ಟು ನಿಧಾನ ಹಿಂದೆ ಸರಿಯಿರಿ.

ಟೆಂಟಿಗೆ ಅತ್ಯುತ್ತಮ ಜಾಗ ತೋಟದ ಮನೆಯ ಹತ್ತಿರದ ಕಾಫಿ ಕಣ. ಕಾಡಿನ ಚಿತ್ರ ಸಿಗುವುದಿಲ್ಲ ನಿಜ, ಆದರೆ ನೆಲ ಸಮ, ನೀರು ನಿಲ್ಲುವುದಿಲ್ಲ, ಜಿಗಣೆ ಕಡಿಮೆ. ಕುಯ್ಲಿನ ಕಾಲದಲ್ಲಿ ಕಣ ಸಿಗದು, ಆಗ ಏರು ದಿಬ್ಬ ನೋಡಿ. ಹಳ್ಳದ ದಡ, ಲದ್ದಿ ಬಿದ್ದ ದಾರಿ, ಹಣ್ಣು ಬಿಟ್ಟ ಹಲಸಿನ ಮರದ ಬುಡ, ಸಿಲ್ವರ್ ಓಕಿನ ಒಣಕೊಂಬೆಯ ಕೆಳಗೆ ಇಷ್ಟನ್ನು ಬಿಟ್ಟು ಎಲ್ಲಿಯಾದರೂ ಸರಿ. ಗಾಡಿಯ ಮೂತಿ ಹೊರದಾರಿಗೆ ಇರಲಿ, ಕೀಲಿ ಪ್ರತಿ ಸಲ ಒಂದೇ ಜಾಗದಲ್ಲಿ ಇರಲಿ. ಬಾಳೆಹಣ್ಣು, ಬೆಲ್ಲ, ಹಲಸು ಟೆಂಟಿನಲ್ಲಿ ಇಡಬೇಡಿ. ಜನವರಿಯಿಂದ ಮೇವರೆಗೆ ಕಾಡು ಒಣಗಿರುತ್ತದೆ, ಬಯಲು ಬೆಂಕಿ ಬಿಟ್ಟು ಗ್ಯಾಸ್ ಒಲೆ ಬಳಸಿ. ಚಳಿಯೆಂದು ಕೆಂಡದ ಬಾಣಲೆಯನ್ನು ಟೆಂಟಿನೊಳಗೆ ತಂದರೆ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ, ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲ. ನೀರು ಎರಡು ದಿನಕ್ಕೆ 15 ಲೀಟರ್. ಅಡುಗೆಯ ಬಗ್ಗೆ ಹೇಳುವಂಥದ್ದಿಲ್ಲ. ಅವಲಕ್ಕಿ, ಮೊಟ್ಟೆ, ಮನೆಯಿಂದ ತಂದ ಚಟ್ನಿಪುಡಿ ಇದ್ದರೆ ಬದುಕು ನಡೆಯುತ್ತದೆ.

ಜಿಗಣೆಗೆ ಲೀಚ್ ಸಾಕ್ಸು, ಹೊಗೆಸೊಪ್ಪಿನ ನೀರು ಸಾಕು. ಅದು ಬರಿ ಕಿರಿಕಿರಿ. ಉಣುಗು ಹಾಗಲ್ಲ, ಅದು ಕಚ್ಚಿ ರೋಗ ಹರಡುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ನಡುವೆ. ಒಣ ಎಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡ ಜಾಗದಿಂದ ದೂರ ಹೋಗಿ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರಾತ್ರಿ ಮೈಯ ಸಂದುಗಳನ್ನು ಕನ್ನಡಿ ಹಿಡಿದು ಪರೀಕ್ಷಿಸಿ. ಊರಿಗೆ ಹೋದ ಮೇಲೆ ಒಂದು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಭಾನುವಾರ ಗೇಟು ದಾಟುವ ಮೊದಲು ಟೈರಿಗೆ ಗಾಳಿ ತುಂಬಿ, ಗಾಡಿಯನ್ನು ಟೂ ಹೈಗೆ (ಎರಡೇ ಚಕ್ರಕ್ಕೆ ಶಕ್ತಿ) ತನ್ನಿ. ರಿಮ್ಮಿನ ಒಳಬದಿಗೆ ಮೆತ್ತಿದ ಕೆಸರು ತೆಗೆಯದಿದ್ದರೆ ಹೆದ್ದಾರಿಯಲ್ಲಿ 70 ದಾಟಿದ ಕೂಡಲೇ ಸ್ಟೀರಿಂಗ್ ಒದರುತ್ತದೆ, ಬೇರಿಂಗ್ ಹೋಯಿತೇನೋ ಎಂದು ಹೆದರುತ್ತೀರಿ. ಹಳ್ಳ ದಾಟಿದ್ದರೆ ಇನ್ನೊಂದು ಕೆಲಸ ಬಾಕಿ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳಬಹುದು. ಮೆಕ್ಯಾನಿಕ್ ಹತ್ತಿರ ಫಿಲ್ಲರ್ ಬೋಲ್ಟು ಬಿಚ್ಚಿಸಿ ಬೆರಳು ಅದ್ದಿ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಾಯಿಸಿಬಿಡಿ.