ಸಹಿ ಹಾಕೋರು ಯಾರು?

2023ರ ಅಕ್ಟೋಬರ್ 17. ನವರಾತ್ರಿ ನಡೆಯುತ್ತಿತ್ತು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆಯಿಂದ ಟಿವಿ ಮುಂದೆಯೇ ಕೂತಿದ್ದರು. ನನ್ನ ತಮ್ಮ ಮತ್ತು ಅವನ ಸಂಗಾತಿ ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಒಟ್ಟಿಗಿದ್ದಾರೆ. ಅವನೂ ಗಂಡಸೇ. ಅದನ್ನು ಒಪ್ಪಿಕೊಳ್ಳೋಕೆ ಅಮ್ಮನಿಗೆ ಆರು ವರ್ಷ ಬೇಕಾಯಿತು. ಈಗ ಕಾಫಿಪುಡಿ ಕಳಿಸುವಾಗ ಡಬ್ಬಿ ಮೇಲೆ ಇಬ್ಬರ ಹೆಸರೂ ಬರೆಯುತ್ತಾರೆ.

ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೇಳಿದ್ದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ ಎಂದು ಐದೂ ನ್ಯಾಯಮೂರ್ತಿಗಳು ಹೇಳಿದರು. ಮದುವೆಯಲ್ಲದಿದ್ದರೂ ಇಂಥ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಬೇಕು ಅಂದವರು ಇಬ್ಬರೇ. ಅಮ್ಮ ಟಿವಿ ಆರಿಸಿದರು. "ಹಾಗಾದ್ರೆ ಇವನಿಗೆ ಹುಷಾರು ತಪ್ಪಿದರೆ ಸಹಿ ಹಾಕೋರು ಯಾರು?"

ಸುಮ್ನೆ ಕೇಳಿದ್ದಲ್ಲ. ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ, "ನೀವು ಇವರಿಗೆ ಏನಾಗಬೇಕು?" ಅಂತ ಆಸ್ಪತ್ರೆಯವರು ಸಂಗಾತಿಯನ್ನು ಹೊರಗೇ ನಿಲ್ಲಿಸಿದ್ದರು. ನಾನು ರಾತ್ರಿ ಬಸ್ಸು ಹತ್ತಿ, ಹಾಸನ ದಾಟಿ ಹೋಗಿ ಸಹಿ ಹಾಕಬೇಕಾಯಿತು. ಅಷ್ಟು ಹೊತ್ತು ಅವನು ನೋವು ತಿನ್ನುತ್ತಾ ಮಲಗಿದ್ದ.

ಜನ ಒಪ್ಪಬೇಕಲ್ವಾ ಅನ್ನುತ್ತಾರೆ ನಮ್ಮ ಚಿಕ್ಕಪ್ಪ. ಐರ್ಲೆಂಡಿನಲ್ಲಿ 2015ರಲ್ಲಿ ಜನಮತ ಕೇಳಿದರು, ಶೇ. 62ರಷ್ಟು ಮಂದಿ ಹೌದು ಅಂದರು. ನನಗೆ ಖುಷಿಯೇ. ಆದರೆ ಸೋತಿದ್ದರೆ? ಒಬ್ಬರ ಮನೆ ಬಾಳನ್ನು ಊರೆಲ್ಲ ಕೈ ಎತ್ತಿ ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ. ತೈವಾನಿನಲ್ಲಿ ಮೊದಲು ಕೋರ್ಟ್ ಹೇಳಿತು, 2019ರಲ್ಲಿ ಸಂಸತ್ತು ಕಾನೂನು ಮಾಡಿತು. ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಇಂಥ ಮದುವೆಗಳು ನೋಂದಣಿಯಾಗುತ್ತಿವೆ.

ನಮ್ಮ ಕೋರ್ಟ್ ಸಂಸತ್ತಿನ ಕಡೆ ಕೈ ತೋರಿಸಿದೆ. ಹಾಗಾಗಿ ನಮ್ಮ ಸಂಸದರಿಗೆ ಪತ್ರ ಬರೆದಿದ್ದೇನೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕೆಳಗೆ ತಾವೂ ಸಹಿ ಹಾಕಿದರು.