ಘಾಟು ಇಲ್ಲದ ಬಾಟಲಿ

ಅಜ್ಜನಿಗೆ 78. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಆರು ತಿಂಗಳಿಂದ ಮೈ ತುರಿಕೆ. ಒಬ್ಬ ಡಾಕ್ಟರು ಕಜ್ಜಿ ಅಂತ ಪರ್ಮೆಥ್ರಿನ್ ಹಚ್ಚಿಸಿದ್ದರು. ಇನ್ನೊಬ್ಬರು ಅಡಿಕೆಗೆ ಹೊಡೆಯೋ ಕೊಳೆ ಔಷಧಿಯ (ಮೈಲುತುತ್ತದ) ಅಲರ್ಜಿ ಅಂದಿದ್ದರು. ಆ ಇನ್ನೊಬ್ಬರು ನಾನೇ. ಆಗ ಗುಳ್ಳೆ ಇರಲಿಲ್ಲ ಅನ್ನೋದೊಂದೇ ನನ್ನ ಸಮಜಾಯಿಷಿ.

ಈ ಸಲ ತೊಡೆ ಮೇಲೆ, ಮುಂಗೈ ಮೇಲೆ ಗುಳ್ಳೆ. ಒತ್ತಿದರೂ ಒಡೆಯದ ಬಿಗಿ ಗುಳ್ಳೆ. "ತಮಾ, ರಾತ್ರಿಯಿಡೀ ತುರಿಕೆ, ನಿದ್ದೆ ಬತ್ತಿಲ್ಲೆ" ಅಂದರು. ಬುಲ್ಲಸ್ ಪೆಂಫಿಗಾಯ್ಡ್ ಇರಬೇಕು ಅನ್ನಿಸಿತು: ಮೈಯ ರಕ್ಷಣಾ ಶಕ್ತಿ ತನ್ನ ಚರ್ಮದ ಮೇಲೇ ತಿರುಗಿಬಿದ್ದು ಗುಳ್ಳೆ ಎಬ್ಬಿಸೋ ಕಾಯಿಲೆ.

ಪರೀಕ್ಷೆಗೆ ಚರ್ಮದ ಎರಡು ಸಣ್ಣ ತುಂಡು (ಪಂಚ್) ತೆಗೆದೆ. ಹೊಸ ಗುಳ್ಳೆಯ ಅಂಚಿನದು ಫಾರ್ಮಲಿನ್‌ಗೆ (ತುಂಡು ಕೆಡದ ಹಾಗೆ ಇಡೋ ಘಾಟಿನ ದ್ರವ), ನಮ್ಮದೇ ಲ್ಯಾಬಿಗೆ. ಗುಳ್ಳೆಯಿಂದ ಸ್ವಲ್ಪ ಆಚೆ, ನೋಡಲು ಸರಿಯಾಗಿರೋ ಚರ್ಮದ್ದು ಡಿಐಎಫ್‌ಗೆ (ಚರ್ಮಕ್ಕೆ ಅಂಟಿದ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸೋ ಪರೀಕ್ಷೆ), ಹುಬ್ಬಳ್ಳಿಗೆ. ಡಿಐಎಫ್ ತುಂಡು ಕಳಿಸೋ ದ್ರವ ಮೈಕೆಲ್ಸ್ ಮೀಡಿಯಂ; ಅದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ಮೂರು ತಿಂಗಳಾಗಿತ್ತು. ನಾಲ್ಕು ಸಹಿ ಬೇಕಂತೆ, ಎರಡು ಆಗಿತ್ತಂತೆ. ಇರಲಿ, 24 ಗಂಟೆಯೊಳಗೆ ತಲುಪಿದರೆ ನಾರ್ಮಲ್ ಸಲೈನ್ (ಉಪ್ಪುನೀರು) ಕೂಡ ನಡೆಯುತ್ತದೆ. ಮಧ್ಯಾಹ್ನದ ಬಸ್ಸಿತ್ತು.

"ಲೇಬಲ್ ಈಗ್ಲೇ ಹಚ್ಲಾ ಸರ್?" ಸಿಸ್ಟರ್ ಕೇಳಿದರು. "ನಾನೇ ಬರೀತೇನೆ, ನೀವು ಡ್ರೆಸಿಂಗ್ ಮಾಡಿ" ಅಂದೆ. ಎರಡೂ ಒಂದೇ ಥರದ ಬಾಟಲಿ, ಒಳಗೆ ನೀರಿನಂಥ ದ್ರವ. ಹೊರಗೆ ಓಪಿಡಿ ಗಲಾಟೆ. ನೆನಪಿನ ಮೇಲೆ ತುಂಡು ಹಾಕಿದೆ, ನೆನಪಿನ ಮೇಲೆ ಲೇಬಲ್ ಬರೆದೆ.

ಬಸ್ ಹೋಗಿ ಅರ್ಧ ಗಂಟೆ. ಉಳಿದ ಬಾಟಲಿ ಹಿಡಿದು ಲ್ಯಾಬಿಗೆ ಹೋದೆ. ಟೆಕ್ನಿಷಿಯನ್ ಮುಚ್ಚಳ ತೆಗೆದು ನನ್ನ ಮುಖ ನೋಡಿದ. "ಸರ್, ಘಾಟೇ ಇಲ್ವಲ್ಲ?"

ಕೈಕಾಲು ತಣ್ಣಗಾಯಿತು. ಇದು ಸಲೈನ್ ಆದರೆ ಹುಬ್ಬಳ್ಳಿಗೆ ಹೋಗಿದ್ದು ಫಾರ್ಮಲಿನ್. ಕಂಡಕ್ಟರ್ ನಂಬರ್ ಹುಡುಕೋಕೆ ಶುರು ಮಾಡಿದೆ. ಮುಂಡಗೋಡ ದಾಟಿರಲಿಕ್ಕಿಲ್ಲ ಅಂತ ಲೆಕ್ಕ ಹಾಕಿದೆ. ಮೆಟ್ಟಿಲು ಅರ್ಧ ಇಳಿದ ಮೇಲೆ ಬುದ್ಧಿ ಬಂತು: ಬಸ್ಸು ತಿರುಗಿ ಬಂದರೆ ಏನು ಬಂತು? ಫಾರ್ಮಲಿನ್‌ನಲ್ಲಿ ಬಿದ್ದ ತುಂಡಿನ ಮೇಲೆ ಡಿಐಎಫ್ ನಂಬೋ ಹಾಗಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಕೂತಾಗ ಬಂದ ಇನ್ನೊಂದು ಯೋಚನೆ ಹೇಳೋಕೆ ನಾಚಿಕೆ. ಸುಮ್ನೆ ಬಿಟ್ಟುಬಿಡೋಣ, ನೆಗೆಟಿವ್ ಬಂದರೆ ಬರಲಿ ಅಂತ. ಆದರೆ ಆ ನೆಗೆಟಿವ್ ಫೈಲಿನಲ್ಲಿ ಕೂರುತ್ತದೆ. ಮುಂದಿನ ಡಾಕ್ಟರು ಅದನ್ನೇ ನಂಬಿ ಅಜ್ಜನಿಗೆ ಮತ್ತೆ ಕಜ್ಜಿ ಮುಲಾಮು ಕೊಡುತ್ತಾರೆ. ಹುಬ್ಬಳ್ಳಿಗೆ ಫೋನ್ ಮಾಡಿ ನನ್ನ ಸ್ಯಾಂಪಲ್ ಹಾಕಬೇಡಿ ಅಂದೆ. ಆಮೇಲೆ ಅಜ್ಜನ ಮಗನಿಗೆ ಫೋನ್ ಮಾಡಿದೆ.

ಮರುದಿನ ಬಂದರು. "ಮೊದ್ಲಿನ ತುಂಡು ಹಾಳಾತಾ?"

"ಹೌದು ಅಜ್ಜಾ, ನನ್ನದೇ ತಪ್ಪು."

"ತಗಳ ಹಂಗಾರೆ" ಅಂತ ಕೈ ಚಾಚಿದರು. ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು.

ರಿಪೋರ್ಟ್ ಬಂತು: ಚರ್ಮದ ಮೇಲಿನ ಮತ್ತು ಕೆಳಗಿನ ಪದರ ಕೂಡೋ ಬೇಸ್‌ಮೆಂಟ್ ಮೆಂಬ್ರೇನ್ ಉದ್ದಕ್ಕೂ ಗೆರೆ ಎಳೆದ ಹಾಗೆ ಐಜಿಜಿ (ಪ್ರತಿಕಾಯ), ಸಿ3 (ಅದರ ಜೊತೆಯ ರಕ್ಷಣಾ ಪ್ರೋಟೀನು). ಉಪ್ಪುನೀರಿನಲ್ಲಿ ಆ ಪದರ ಬಿಡಿಸಿ ನೋಡೋ ಸಾಲ್ಟ್ ಸ್ಪ್ಲಿಟ್‌ನಲ್ಲಿ ಹೊಳಪು ಮೇಲಿನ ಪದರಕ್ಕೆ. ಪೆಂಫಿಗಾಯ್ಡೇ. ಆಗ ಅಜ್ಜನ ಮಾತ್ರೆ ಚೀಟಿ ಮತ್ತೆ ನೋಡಿದರೆ ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್. ಈ ಕಾಯಿಲೆಯ ಜೊತೆ ಆ ಮಾತ್ರೆಯ ನಂಟು ಓದಿದ್ದೇ. ಮೊದಲ ದಿನ ಮೈಲುತುತ್ತದ ಬಗ್ಗೆ ಹತ್ತು ಪ್ರಶ್ನೆ ಕೇಳಿದವನು ಮಾತ್ರೆ ಬಗ್ಗೆ ಒಂದೂ ಕೇಳಿರಲಿಲ್ಲ. ಫಿಜಿಷಿಯನ್ ಜೊತೆ ಮಾತಾಡಿ ಬದಲಿಸಿದ್ದಾಯಿತು. ಕ್ಲೋಬೆಟಸಾಲ್ ಮುಲಾಮು, ಡಾಕ್ಸಿಸೈಕ್ಲಿನ್ ಮಾತ್ರೆ ಶುರು ಮಾಡಿದೆ.

ಇಂಡೆಂಟಿಗೆ ಈಗ ಮೂರನೇ ಸಹಿ ಆಗಿದೆಯಂತೆ. ಫಾರ್ಮಲಿನ್‌ಗೆ ಬೇರೆ ಬೇಕು ಅಂತ ನೀಲಿ ಮುಚ್ಚಳದ ಬಾಟಲಿಗಳನ್ನು ನಾನೇ ದುಡ್ಡು ಕೊಟ್ಟು ತಂದಿಟ್ಟಿದ್ದೇನೆ. ಆದರೂ ಸಿಸ್ಟರ್ ಪ್ರತಿ ಪಂಚ್‌ಗೂ ಮುಂಚೆ ಎರಡೂ ಬಾಟಲಿ ನನ್ನ ಮೂಗಿನ ಹತ್ತಿರ ಹಿಡಿದು "ಯಾವ್ದು ಸರ್?" ಅಂತಾರೆ.