ಪದ್ಮಿನಿಗೆ ಹೊಸ ಬುಷ್

ಬದಿಯಡ್ಕದಿಂದ ಕಾಸರಗೋಡಿಗೆ ದಿನವೂ ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲೇ ಹೋಗಬೇಕು ಅನ್ನುವುದು ನನ್ನ ಆಸೆ. ಹಳೇ ಕಾರು ಇರುವುದು ಓಡುವುದಕ್ಕೆ, ಅಲ್ವಾ?

ಅದಕ್ಕೇ ಅದರ ಸಸ್ಪೆನ್ಷನ್, ಅಂದರೆ ಗುಂಡಿಯ ಏಟು ತಡೆಯುವ ಭಾಗ, ಸರಿ ಮಾಡಿಸಿದೆ. ಮುಂದೆ ಕಾಯಿಲ್ (ಸುರುಳಿ) ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. 1950ರ ದಶಕದ ಫಿಯೆಟ್ 1100ರಿಂದ ಬಂದ ವಿನ್ಯಾಸ ಇದು. ಹಿಂಭಾಗ ಕುಸಿದರೆ ಕೆಲವರು ಒಂದು ಪಟ್ಟಿ ಜಾಸ್ತಿ ಹಾಕಿಸುತ್ತಾರೆ. ಆಗ ಕಾರು ಎತ್ತರವಾಗುತ್ತದೆ ನಿಜ, ಆದರೆ ಖಾಲಿ ಲಾರಿಯ ಹಾಗೆ ಕುಣಿಯುತ್ತದೆ. ನಾನು ಪಟ್ಟಿಗಳನ್ನು ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರೀಸ್ ಹಚ್ಚಿಸಿದೆ. ನಮ್ಮ ಮಳೆಗೆ ಪಟ್ಟಿಗಳ ನಡುವೆ ತುಕ್ಕು ಕೂತರೆ ಅವು ಒಂದರ ಮೇಲೊಂದು ಸರಿಯಾಗಿ ಜಾರುವುದೇ ಇಲ್ಲ. ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸತು.

ಸಸ್ಪೆನ್ಷನ್ ಕೀಲುಗಳಲ್ಲಿ ಮೆತ್ತೆಯ ಹಾಗೆ ಕೂರುವ ಬುಷ್‌ಗಳನ್ನೂ ಬದಲಿಸಬೇಕಿತ್ತು. ರಬ್ಬರ್ ಬದಲು ಅದಕ್ಕಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕುವಾ ಎಂದರು ಮೆಕ್ಯಾನಿಕ್. ಬಾಳಿಕೆ ಬರುತ್ತದೆ, ಆದರೆ ರಸ್ತೆಯ ನಡುಕ ಸೀಟಿಗೆ ಬರುತ್ತದೆ. "ದಿನಾ ಓಡಿಸಲಿಕ್ಕೆ ರಬ್ಬರೇ ಇರಲಿ ಅಣ್ಣಾ" ಎಂದೆ. ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ನೆಲಕ್ಕಿಳಿದು ಭಾರ ಹೊತ್ತ ಮೇಲೆಯೇ ಬಿಗಿಯಬೇಕು. ಜಾಕ್ ಮೇಲಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅವರು ಹಾಗೆಯೇ ಮಾಡಿದರು, ತುಂಬ ಖುಷಿಯಾಯಿತು.

ಕಾರಿನ ಗುಣ ಬದಲಾಗಿಲ್ಲ, ಗುಂಡಿಯ ಏಟು ಮಾತ್ರ ಮೆತ್ತಗಾಗಿದೆ. ವೀಲ್ ಅಲೈನ್‌ಮೆಂಟ್ ಬಾಕಿ ಇದೆ. ಅದಾದರೆ ಅಮ್ಮನನ್ನು ಕೂರಿಸಿಕೊಂಡು ಮಧೂರು ದೇವಸ್ಥಾನಕ್ಕೆ ಹೋಗಬೇಕು.